ತುಂಬದ ಗುಂಡಿಗೆ

ಗುಂಡಿಗೆಯನ್ನು ಪರದೆಯಲ್ಲಿ ತೋರಿಸುವ ಎಕೋ ಯಂತ್ರವನ್ನು ಮಕ್ಕಳ ವಾರ್ಡಿಗೆ ತರಿಸಿಕೊಳ್ಳಲು ಡಾಕ್ಟರ್ ವನಮಾಲಾ ಕೆಳಮಹಡಿಯ ಹೃದ್ರೋಗ ವಿಭಾಗದವರ ಜೊತೆ ಜಗಳವನ್ನೇ ಆಡಬೇಕಾಯಿತು. ಅದು ೧೯೯೧. ವಿಲೆ ಪಾರ್ಲೆಯ ಆ ಆಸ್ಪತ್ರೆಯಲ್ಲಿದ್ದದ್ದು ಒಂದೇ ಯಂತ್ರ, ಕಬ್ಬಿಣದ ಬೀರುವಿನಷ್ಟು ಭಾರ. ಎದೆನೋವಿನ ಸೇಠ್‌ಗಳಿಗಲ್ಲದೆ ಬೇರೆಯವರಿಗೆ ಗುಂಡಿಗೆಯೇ ಇಲ್ಲವೆಂಬಂತೆ ಅದನ್ನು ಕಾಯುತ್ತಿದ್ದರು. ವಾಂತಿಭೇದಿಯ ಹುಡುಗನಿಗೆ ಎಕೋ ಎಂದಾಗ ಹಿರಿಯ ಡಾಕ್ಟರ್ ಸತ್ಯಮೂರ್ತಿಯವರೂ ನಕ್ಕುಬಿಟ್ಟರು.

"ಡ್ರಿಪ್ ಹಾಕಮ್ಮ, ಅಷ್ಟೇ. ಮೈಸೂರಲ್ಲಿ ನಾವು ನಾಡಿ ಹಿಡಿದೇ ಹೇಳ್ತಿದ್ವಿ."

"ಎಷ್ಟು ಹಾಕಲಿ ಸರ್? ಕಮ್ಮಿಯಾದ್ರೆ ನಾಡಿ ಏಳಲ್ಲ, ಜಾಸ್ತಿಯಾದ್ರೆ ಶ್ವಾಸಕೋಶಕ್ಕೆ ನೀರು ಇಳಿಯತ್ತೆ. ಗುಂಡಿಗೆ ಎಷ್ಟು ತುಂಬಿದೆ ಅಂತ ನೋಡ್ಕೊಂಡೇ ಹಾಕ್ತೀನಿ."

ಹುಡುಗ ಸೀನ. ಅಪ್ಪ ಚೆನ್ನಯ ಫೋರ್ಟ್ ಬಡಾವಣೆಯ ಉಡುಪಿ ಹೋಟೆಲಿನಲ್ಲಿ ದೋಸೆ ಹಾಕುವವನು. ಅಮ್ಮ ವಾರಿಜಾ ಸ್ಟೂಲ್ ಕೊಟ್ಟರೂ ಕೂರದೆ ಮಂಚದ ಪಕ್ಕ ನಿಂತೇ ಇದ್ದಳು.

ಎದೆಯ ಮೇಲೆ ಜೆಲ್ಲಿ ಸವರಿ ಯಂತ್ರದ ಹಿಡಿಯನ್ನು ಒತ್ತಿದಾಗ ಪರದೆಯಲ್ಲಿ ಪುಟ್ಟ ಗುಂಡಿಗೆ ಕಂಡಿತು. ಒಳಗೆ ಏನೂ ಉಳಿದಿಲ್ಲದ ಹಾಗೆ ಪ್ರತಿ ಬಡಿತಕ್ಕೂ ಅದರ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಮೈಯಲ್ಲಿ ನೀರಿಲ್ಲ. ಸರಿ, ವನಮಾಲಾ ಬಾಟಲಿ ಏರಿಸಿದಳು.

ಬಾಟಲಿ ಖಾಲಿಯಾಯಿತು. ಗುಂಡಿಗೆ ಹಾಗೇ ಇತ್ತು. ಇನ್ನೊಂದು ಹಾಕಿದಳು, ಅದೂ ಮುಗಿಯಿತು. ಭೇದಿ ನಿಂತಿತ್ತು, ಮೂತ್ರ ಬಂದಿರಲಿಲ್ಲ, ಮೈ ಊದಿರಲಿಲ್ಲ. ಸೂಜಿ, ನಳಿಗೆ, ಹಾಸಿಗೆಯನ್ನೆಲ್ಲ ತಡವಿದಳು. ಒಂದು ಹನಿಯೂ ಸೋರಿರಲಿಲ್ಲ. ಹಾಗಾದರೆ ಅಷ್ಟು ನೀರು ಹೋದದ್ದೆಲ್ಲಿಗೆ? ವನಮಾಲಾ ದೆವ್ವಕ್ಕೆ ಹೆದರುವವಳಲ್ಲ, ಆ ಆಸ್ಪತ್ರೆಯ ಮೇಟ್ರನ್ನಿಗೇ ಹೆದರದವಳು. ಆದರೂ ನಡುಮಧ್ಯಾಹ್ನದ ಆ ಸೆಕೆಯಲ್ಲಿ ಅವಳ ಬೆನ್ನು ತಣ್ಣಗಾಯಿತು.

"ಮ್ಯಾಡಮ್, ಇನ್ನೊಂದುಂಟು," ಎಂದಳು ನರ್ಸ್ ಶೀಲಾವತಿ, ದನಿ ತಗ್ಗಿಸಿ. "ಇವನಿಗೆ ಬೆರಳೆತ್ತುವ ಶಕ್ತಿ ಇಲ್ಲ. ಮಧ್ಯಕ್ಕೆ ಮಲಗಿಸ್ತೇನೆ, ತಿರುಗಿ ನೋಡಿದ್ರೆ ಅಂಚಿಗೆ ಬಂದಿರ್ತಾನೆ."

"ಶೇಖರನಿಗೆ ಜಾಗ ಬಿಡುದು ಅವ," ಎಂದಳು ವಾರಿಜಾ.

"ಯಾರು ಶೇಖರ?"

"ಇವನ ಅವಳಿ. ಚಾಲಿನ ಒಂದು ಕೋಣೆಯಲ್ಲಿ ಇಬ್ಬರಿಗೂ ಒಂದೇ ಚಾಪೆ. ಹೋದ ವಾರ ತೀರಿಕೊಂಡ, ಇದೇ ಭೇದಿ. ನೀರು ಕುಡಿದ್ರೆ ಭೇದಿ ಜೋರಾಗ್ತದೆ ಅಂತ ಎಲ್ಲ ಹೇಳಿದ್ರು ಡಾಕ್ಟ್ರಮ್ಮ. ನಾನು ಕೊಡ್ಲೇ ಇಲ್ಲ. ನೀರು ನೀರು ಅಂತ ಕೇಳಿ ಕೇಳಿಯೇ ಹೋದ."

ಇಂಥ ತಾಯಂದಿರನ್ನು ವನಮಾಲಾ ಎಷ್ಟೋ ಸಲ ಗದರಿಸಿದ್ದಳು. ಈ ಸಲ ಮತ್ತೊಂದು ಬಾಟಲಿ ಏರಿಸಿ ಪರದೆಯನ್ನೇ ನೋಡುತ್ತ ಕೂತಳು.

ಅದು ಅರ್ಧ ಇಳಿಯುವಷ್ಟರಲ್ಲಿ ಗುಂಡಿಗೆ ಒಮ್ಮೆಲೇ ತುಂಬಿಕೊಂಡಿತು. ಗೋಡೆಗಳು ದೂರ ಸರಿದವು. ಮಣಿಕಟ್ಟಿನಲ್ಲಿ ನಾಡಿ ಸಿಕ್ಕಿತು.

"ಸಾಕು, ಇನ್ನು ನಿಲ್ಲಿಸಬೇಕು," ಎಂದು ಅವಳು ನಳಿಗೆಗೆ ಕೈ ಹಾಕಿದಳು. ವಾರಿಜಾ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಿಲ್ಲಿಸ್ಬೇಡಿ! ಅವನಿಗೂ ನಾನು ಹೀಗೇ ನಿಲ್ಲಿಸಿದ್ದು."

"ನೋಡಮ್ಮ, ಇಲ್ಲಿ ನೋಡು, ತುಂಬಿದೆ. ಇನ್ನೂ ಹಾಕಿದ್ರೆ ಇವನಿಗೆ ಉಸಿರು ಕಟ್ಟತ್ತೆ."

ವಾರಿಜಾ ಪರದೆಯತ್ತ ನೋಡಲೂ ಇಲ್ಲ, ಹಿಡಿತ ಬಿಡಲೂ ಇಲ್ಲ. ನೀರು ಇಳಿಯುತ್ತಲೇ ಇತ್ತು. ಆಗ ಸೀನ ಕಣ್ಣು ಬಿಟ್ಟ. ಅಮ್ಮನನ್ನು ನೋಡಲಿಲ್ಲ, ತನ್ನ ಪಕ್ಕದ ಖಾಲಿ ಜಾಗದತ್ತ ತಿರುಗಿ, ಯಾರೋ ಹೇಳುತ್ತಿರುವುದಕ್ಕೆ ಎಂಬಂತೆ ಕಿವಿಗೊಟ್ಟ.

"ಅಮ್ಮ," ಎಂದ, "ಶೇಖರನಿಗೆ ಸಾಕಂತೆ."

ಶೀಲಾವತಿ ಹಿಂದಕ್ಕೆ ಸರಿದಳು. ವಾರಿಜಾ ಮಾತ್ರ ಆ ಖಾಲಿ ಜಾಗದ ಮೇಲೆ ಇನ್ನೊಂದು ಅಂಗೈ ಊರಿದಳು.

"ನಿಜವಾ ಮಗಾ?" ಎಂದು ಆ ಜಾಗವನ್ನೇ ಕೇಳಿದಳು. ಆಮೇಲೆ ಕಣ್ಣೊರೆಸಿಕೊಂಡು ವನಮಾಲಾಳ ಕೈ ಬಿಟ್ಟಳು.

"ಯಾವುದು ತಿರುಗಿಸುದು, ತೋರಿಸಿ ಡಾಕ್ಟ್ರಮ್ಮ. ನಾನೇ ನಿಲ್ಲಿಸ್ತೇನೆ."