ಐದನೆಯ ಕೇಸರ

ಮಾವನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂಬುದು ಆ ಕಟ್ಟಡದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಪೂರ್ತಿ ಕುರುಡಲ್ಲ. ದಪ್ಪ ಭೂತಗನ್ನಡಿ ಹಿಡಿದು, ಮೂಗು ತಾಗುವಷ್ಟು ಬಗ್ಗಿದರೆ ಬಿಳಿ ಕಾಗದದ ಮೇಲಿನ ಕರಿ ಗೆರೆ ಕಾಣುತ್ತಿತ್ತು. ಮೈಕ್ರೋಸ್ಕೋಪಿನೊಳಗೆ ಮಾತ್ರ ಬರೀ ಮಂಜು. ಒಣಗಿಸಿದ ಗಿಡಗಳ ಸಂಗ್ರಹಾಲಯದಲ್ಲಿ ಹೂವಿನ ಚಿತ್ರ ಬರೆಯುವವನಿಗೆ ಇದು ಗೊತ್ತಾದ ದಿನವೇ ಕೆಲಸದ ಕೊನೆಯ ದಿನ. ನಿವೃತ್ತಿಗೆ ಇನ್ನೂ ಒಂದು ವರ್ಷವಿತ್ತು. ಹೇಗಾದರೂ ತಳ್ಳಿಬಿಡೋಣ ಎನ್ನುತ್ತಿದ್ದ.

ತಳ್ಳುತ್ತಿದ್ದವಳು ನಾನು. ಗಂಡನ ಮನೆಯಿಂದ ತಿರುಗಿ ಬಂದವಳನ್ನು ಅಮ್ಮನ ಅಣ್ಣನಾದ ಅವನೇ ಮನೆಗೆ ಸೇರಿಸಿಕೊಂಡಿದ್ದ. ಸಸ್ಯಶಾಸ್ತ್ರದ ಪದವಿ ಸುಮ್ಮನೆ ತುಕ್ಕು ಹಿಡಿಯುತ್ತಿದೆ ಎಂದು ತನ್ನ ಪಕ್ಕದ ಸ್ಟೂಲಿನ ಮೇಲೆ ಸಹಾಯಕಿ ಎಂದು ಕೂರಿಸಿದ್ದ. ಒಣಗಿದ ಹೂವನ್ನು ಬಿಸಿನೀರಿನಲ್ಲಿ ಮೆದುವಾಗಿಸಿ, ಸೂಜಿಯಿಂದ ಬಿಡಿಸಿ, ನಾನು ನೋಡುತ್ತಿದ್ದೆ. ನೋಡಿದ್ದನ್ನು ಹೇಳುತ್ತಿದ್ದೆ. ಹೇಳಿದ್ದನ್ನು ಅವನು ಬರೆಯುತ್ತಿದ್ದ. ಯಾರದ್ದಾದರೂ ಹೆಜ್ಜೆ ಸದ್ದಾದರೆ ನಾವಿಬ್ಬರೂ ಮಾತು ನಿಲ್ಲಿಸುತ್ತಿದ್ದೆವು, ಅವನು ಕಣ್ಣನ್ನು ಮೈಕ್ರೋಸ್ಕೋಪಿಗೆ ಅಂಟಿಸಿ "ಹ್ಞೂಂ, ಹ್ಞೂಂ" ಎನ್ನುತ್ತಿದ್ದ. ಹೀಗೆ ಮೂರು ವರ್ಷ, ಸಂಗ್ರಹಾಲಯದ ಪುಸ್ತಕಗಳಿಗೆ ತೊಂಬತ್ತು ಚಿತ್ರ. ಪ್ರತಿಯೊಂದರ ಕೆಳಮೂಲೆಯಲ್ಲಿ ಅವನ ಹೆಸರು.

ಒಂದು ದಿನ ಕೇಳಿದೆ. "ಮಾವ, ಈ ಸಲದ ಪುಸ್ತಕದಲ್ಲಿ ನನ್ನ ಹೆಸರನ್ನೂ ಸಣ್ಣದಾಗಿ ಹಾಕೋಣ್ವಾ?"

ಅವನು ನಿಬ್ಬು ಒರೆಸಿಕೊಂಡ. "ಕನ್ನಡಕದ ಹೆಸರು ಯಾರಾದ್ರೂ ಹಾಕ್ತಾರೇನೇ?"

ನಾನೂ ನಕ್ಕೆ. ನಗುವುದು ನನಗೆ ಅಭ್ಯಾಸವಾಗಿತ್ತು.

ಅದೇ ವಾರ ಚಹಾದ ಹೊತ್ತಿನಲ್ಲಿ ಗುಮಾಸ್ತ ಬಾಗಿಲಿಗೆ ಒರಗಿ ನಿಂತ. ಚುಕ್ಕಿ ಇಟ್ಟು ಇಟ್ಟು ನೆರಳು ಮೂಡಿಸುತ್ತಿದ್ದ ಮಾವನಿಗೆ ಅವನಿಟ್ಟ ಹೆಸರು ಚುಕ್ಕಿ ಯಜಮಾನರು.

"ಏನ್ ಚುಕ್ಕಿ ಯಜಮಾನ್ರೇ, ಸೊಸೆ ಕೆಲ್ಸ ಕಲಿತ್ರಾ?"

"ಕಲಿಯೋದೆಲ್ಲಿಂದ ಬಂತು? ಕೆಲವು ಹೂವಲ್ಲಿ ಬಂಜೆ ಕೇಸರ ಅಂತ ಇರುತ್ತೆ ನೋಡಿ. ಮಿಕ್ಕ ಕೇಸರಗಳ ಸಾಲಲ್ಲೇ ನಿಂತಿರುತ್ತೆ, ಅಷ್ಟೇ ಎತ್ತರ. ತುದೀಲಿ ಪರಾಗದ ಚೀಲ ಮಾತ್ರ ಇರಲ್ಲ. ಇವಳೂ ಅದೇ ಜಾತಿ. ಗಂಡನ ಮನೇಲೂ ಅಷ್ಟೇ, ಇಲ್ಲೂ ಅಷ್ಟೇ."

ಗುಮಾಸ್ತ ನಗಲು ಶುರುಮಾಡಿ, ನನ್ನ ಮುಖ ನೋಡಿ, ಉಳಿದ ನಗುವನ್ನು ಚಹಾದ ಜೊತೆ ನುಂಗಿದ. ನಾನು ಲೋಟಗಳನ್ನು ಎತ್ತಿಕೊಂಡು ಹೋಗಿ ತೊಳೆದೆ. ತೊಳೆದಿದ್ದನ್ನೇ ಮತ್ತೆ ತೊಳೆದೆ.

ಹದಿನೈದು ದಿನ ಕಳೆದ ಮೇಲೆ ಸಂಗ್ರಹಾಲಯದ ಮುಖ್ಯಸ್ಥರು ತಾವೇ ಕಂಡುಹಿಡಿದ ಹೊಸ ಗಿಡವೊಂದನ್ನು ತಂದು ಮೇಜಿನ ಮೇಲಿಟ್ಟರು. "ಪುಸ್ತಕದ ಮೊದಲನೇ ಪುಟಕ್ಕೆ ಇದೇ. ಜೋಪಾನ" ಎಂದರು. ಹೂವು ಅಕ್ಕಿಕಾಳಿಗಿಂತ ಚೂರು ದೊಡ್ಡದು. ಬಿಡಿಸಿ ನೋಡಿದೆ. ನಾಲ್ಕು ಕೇಸರಗಳ ತುದಿಯಲ್ಲಿ ಹಳದಿ ಚೀಲ. ಐದನೆಯದರ ತುದಿ ಬೋಳು.

"ಕೇಸರ?" ಮಾವ ಕೇಳಿದ.

"ಐದು."

"ತುದಿ?"

ಬೋಳು ತುದಿಯನ್ನು ಸೂಜಿಯಿಂದ ಮುಟ್ಟಿದೆ. ಅವನ ನಿಬ್ಬು ಗಾಳಿಯಲ್ಲಿ ಕಾಯುತ್ತಿತ್ತು.

"ಏನೇ, ನಿದ್ದೆ ಬಂತಾ?"

"ಐದಕ್ಕೂ ಚೀಲ ಇದೆ ಮಾವ."

ಇಲ್ಲದ ಆ ಚೀಲವನ್ನು ಅವನು ಎಷ್ಟು ಅಕ್ಕರೆಯಿಂದ ಬರೆದನೆಂದರೆ, ಐದರಲ್ಲಿ ಚೆನ್ನಾಗಿ ಬಂದದ್ದು ಅದೇ. ಚಿತ್ರ ಮುಗಿಯಲು ಇನ್ನೂ ಎರಡು ದಿನ ಹಿಡಿಯಿತು. ಆ ಎರಡು ದಿನ ಬಾಯಿಬಿಡಲು ನನಗೆ ಬೇಕಾದಷ್ಟು ಹೊತ್ತಿತ್ತು.

ಮುಖ್ಯಸ್ಥರು ಚಿತ್ರವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆ ಗಿಡ ಹೊಸದು ಎಂದು ಅವರು ಸಾಧಿಸಿದ್ದೇ ಆ ಬೋಳು ಕೇಸರವೊಂದರ ಬಲದಿಂದ. ಅವರ ದನಿ ಏರಲಿಲ್ಲ.

"ಐದನೇ ಕೇಸರ ಇನ್ನೊಂದ್ಸಲ ನೋಡ್ತೀರಾ?"

ಮಾವ ಮೈಕ್ರೋಸ್ಕೋಪಿನ ಮೇಲೆ ಬಗ್ಗಿದ. ಮುಖ್ಯಸ್ಥರು ಹೂವಿದ್ದ ಗಾಜಿನ ಬಟ್ಟಲನ್ನು ಅದರ ಕೆಳಗಿಂದ ಸದ್ದಿಲ್ಲದೆ ಎಳೆದು ಅಂಗೈಯಲ್ಲಿಟ್ಟುಕೊಂಡರು. ಮಾವ ಮೂವತ್ತು ವರ್ಷದ ರೂಢಿಯಿಂದ ತಿರುಪನ್ನು ಹಿಂದೆ ಮುಂದೆ ತಿರುಗಿಸಿದ, ಒಂದು ಕಣ್ಣು ಕಿರಿದು ಮಾಡಿದ.

"ಐದೂ ಒಂದೇ ತರ ಇವೆ ಸಾರ್. ಸ್ಪಷ್ಟವಾಗಿ ಕಾಣ್ತಿದೆ."

"ಹೂವು ನನ್ನ ಕೈಲಿದೆ, ಯಜಮಾನ್ರೇ."

ಮಾವ ಅವರತ್ತ ತಿರುಗಲಿಲ್ಲ. ನನ್ನ ಸ್ಟೂಲಿನ ಕಡೆ ತಿರುಗಿದ. "ಏನೇ... ಹೇಳೇ."

ಮುಖ್ಯಸ್ಥರು ಬಟ್ಟಲನ್ನು ಮತ್ತೆ ಇಟ್ಟು, "ನೀನು ನೋಡಮ್ಮ" ಎಂದರು. ನೋಡುವ ಅಗತ್ಯವಿರಲಿಲ್ಲ, ಆದರೂ ನೋಡಿದೆ.

"ನಾಲ್ಕಕ್ಕೆ ಚೀಲ ಇದೆ ಸಾರ್. ಐದನೇದು ಬಂಜೆ."

ಆ ಪದ ಕೇಳಿದಾಗ ಮಾವನಿಗೆ ಎಲ್ಲ ತಿಳಿಯಿತು. ನೀನೇ ಅಲ್ಲವೇನೇ ಐದಕ್ಕೂ ಚೀಲ ಇದೆ ಎಂದದ್ದು ಎಂದು ಅವನು ಕೂಗಬಹುದಿತ್ತು. ಕೂಗಿದ್ದರೆ ಹಿಂದಿನ ತೊಂಬತ್ತು ಚಿತ್ರಗಳನ್ನೂ ನನ್ನ ಕಣ್ಣೇ ನೋಡಿತ್ತು ಎಂದು ಒಪ್ಪಬೇಕಾಗುತ್ತಿತ್ತು. ಅವನು ನಿಬ್ಬುಗಳ ಡಬ್ಬಿಯ ಮುಚ್ಚಳ ಹಾಕಿದ.

ಆ ವಾರವೇ ಅವನನ್ನು ಮನೆಗೆ ಕಳಿಸಿದರು. ನಾನು ಸ್ಟೂಲಿನಿಂದ ಅವನ ಕುರ್ಚಿಗೆ ಬಂದೆ. ಮೊದಲ ಕೆಲಸ ಅದೇ ಚಿತ್ರವನ್ನು ತಿದ್ದುವುದು. ಹೊಸದಾಗಿ ಬರೆಯಲಿಲ್ಲ. ಅವನಷ್ಟು ನುಣುಪಾದ ಚುಕ್ಕಿ ನನ್ನ ಕೈಗೆ ಬರುವುದಿಲ್ಲ. ಬ್ಲೇಡಿನ ತುದಿಯಿಂದ ಐದನೆಯ ಚೀಲವನ್ನು ಮಾತ್ರ ಕೆರೆದು ತೆಗೆದೆ. ಬ್ಲೇಡು ಕೈಯಲ್ಲೇ ಇತ್ತು, ಕೆಳಮೂಲೆಯನ್ನೂ ಕೆರೆದೆ. ಅಲ್ಲಿ ನನ್ನ ಹೆಸರು ಬರೆದೆ. ಮುಖ್ಯಸ್ಥರು ಮೂಲೆಯನ್ನು ನೋಡಿದರು, ನನ್ನನ್ನು ನೋಡಿದರು, ಕಾಗದವನ್ನು ಅಚ್ಚಿಗೆ ಕಳಿಸಿದರು.

ಪುಸ್ತಕ ಬರುವ ಹೊತ್ತಿಗೆ ಮಾವನಿಗೆ ಕರಿ ಗೆರೆಯೂ ಹೋಗಿತ್ತು. ಕಿಟಕಿಯ ಪಕ್ಕ ಕೂತಿದ್ದವನ ಮಡಿಲಿನಲ್ಲಿ ಮೊದಲ ಪುಟ ಬಿಚ್ಚಿಟ್ಟೆ. ಕಾಗದವನ್ನು ಮೂಸಿದ. ವರ್ಷದಿಂದ ನಮ್ಮ ನಡುವೆ ಉಪ್ಪು ಕೊಡು, ನೀರು ಕೊಡು ಎನ್ನುವುದರ ಹೊರತು ಮಾತಿರಲಿಲ್ಲ.

"ನನ್ ಹೆಸ್ರು ಹಾಕಿದಾರಾ?"

ಅತ್ತೆ ಅವನ ಬೆನ್ನ ಹಿಂದೆ ನಿಂತಿದ್ದಳು. ಅವಳಿಗೆ ಓದಲು ಬರುತ್ತದೆ.

"ಹಾಕಿದಾರೆ ಮಾವ."

"ಎಲ್ಲಿ, ತೋರಿಸು."

ಅವನ ತೋರುಬೆರಳು ಹಿಡಿದು ಕೆಳಮೂಲೆಗೆ ತಂದು, ನನ್ನ ಹೆಸರಿನ ಮೇಲೆ ಇಟ್ಟೆ.

"ಇಲ್ಲಿ."

ಅತ್ತೆ ಅಡುಗೆಮನೆಗೆ ಹೋದಳು.

ಈಗ ಮನೆಗೆ ಯಾರು ಬಂದರೂ ಮಾವ ಆ ಪುಸ್ತಕ ಕೇಳಿ ತರಿಸಿಕೊಳ್ಳುತ್ತಾನೆ. ಪುಟವನ್ನು ತಾನೇ ಹುಡುಕುತ್ತಾನೆ. ಬೆರಳು ದಾರಿ ತಪ್ಪುವುದಿಲ್ಲ. "ಓದ್ರೀ, ಜೋರಾಗಿ ಓದ್ರೀ" ಎನ್ನುತ್ತಾನೆ. ಬಂದವರು ಮೂಲೆಯನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. ನಾನು ತುಟಿಯ ಮೇಲೆ ಬೆರಳಿಟ್ಟುಕೊಂಡಿರುತ್ತೇನೆ. ಪಾಪ, ಅವರೆಲ್ಲ ಒಳ್ಳೆಯವರು. ಅವನ ಹೆಸರನ್ನೇ ಓದುತ್ತಾರೆ.