ಹಾಡಿಗೂ ಒಂದು ಕೂಲಿ

ಎಪ್ಪತ್ತೆಂಟರ ಮಳೆಗಾಲ. ಬೆಳಗಾವಿಯ ರೈತರ ಸಭೆಯಲ್ಲಿ ‘ಇಳುವರಿ ಏರಬೇಕು, ಖರ್ಚು ಇಳಿಯಬೇಕು’ ಎಂದು ಕೇಳಿ ಬಂದ ಖಾನಾಪುರದ ಸಿದರಾಯ, ತನ್ನ ಭತ್ತದ ನಾಟಿಗೆ ಮಾಯವ್ವನನ್ನು ಕರೆಯಲಿಲ್ಲ. ಅವಳು ಸಸಿ ಮುಟ್ಟುವವಳಲ್ಲ; ಬದುವಿನ ಮೇಲೆ ಕುಳಿತು ಹಾಡುವವಳು. ಕೂಲಿ ಮಾತ್ರ ಎಲ್ಲರಷ್ಟೇ.

ಹಾಡಿಲ್ಲದ ಗದ್ದೆಯಲ್ಲಿ ಹೆಂಗಸರು ಹರಟೆಗಿಳಿದರು. ಒಂದೊಂದು ಮಾತಿಗೂ ಒಬ್ಬೊಬ್ಬಳು ಸೊಂಟ ನೆಟ್ಟಗೆ ಮಾಡಿ ನಿಲ್ಲುವಳು. ಮಧ್ಯಾಹ್ನವಾದರೂ ಅರ್ಧ ಗದ್ದೆ ಹಾಗೇ ಇತ್ತು. ನಾಳೆ ಅವರೆಲ್ಲ ಕಣಕುಂಬಿಯ ನಾಟಿಗೆ ಹೊರಡುವವರು. ಕಿತ್ತಿಟ್ಟ ಸಸಿ ಬಾಡಿಹೋಗುತ್ತದೆ.

ಕಂಗಾಲಾದ ಸಿದರಾಯ ತಾನೇ ಬದುವಿಗೇರಿ ಹಾಡತೊಡಗಿದ. ಅವನಿಗೆ ಬರುತ್ತಿದ್ದುದು ಭಜನೆಯ ಕೊನೆಗೆ ಹಾಡುವ ಮಂಗಳಾರತಿ ಒಂದೇ. ಅದು ಕಿವಿಗೆ ಬಿದ್ದದ್ದೇ ತಡ, ಹೆಂಗಸರೆಲ್ಲ ಕೈಮುಗಿದು, ಮೇಲೆ ಬಂದು ಕಾಲು ತೊಳೆಯತೊಡಗಿದರು.

“ಯಾಕ್ರಬೇ, ಎಲ್ಲಿ ಹೊಂಟ್ರಿ?”

“ಮಂಗಳಾ ಹಾಡೀದಿ, ಕೆಲಸ ಮುಗೀತಲ್ಲೋ ಅಣ್ಣಾ! ಮಾಯವ್ವನೂ ಹಿಂಗ ಮುಗಸ್ತಾಳ,” ಎಂದು ಅವರಲ್ಲೊಬ್ಬಳು, ಪದ್ಮವ್ವ, ನಕ್ಕಳು.

ಸಿದರಾಯ ಮಾಯವ್ವನ ಮನೆಗೆ ಓಡಿದ. “ತಪ್ಪಾತು ಅತ್ತೀ, ಬಾರಬೇ. ನಿನ್ನ ಕೂಲಿ ಕೊಡ್ತೇನಿ.”

“ಖರ್ಚ ಹೆಚ್ಚಾಗೂದಿಲ್ಲೇನೋ?”

“ಆಗ್ತೈತಿ. ಏನ್ ಮಾಡೂದು?”

“ನೀನೂ ಗದ್ದಿಗಿಳಿ. ಒಂದ ಆಳಿನ ಕೂಲಿ ಉಳೀತೈತಿ.”

ಮಾಯವ್ವ ಬದುವಿನ ಮೇಲೆ ಬಂದು ಕುಳಿತು ಸೀತೆಯ ಮದುವೆಯ ಹಾಡು ಎತ್ತಿಕೊಂಡಳು. ಮತ್ತೆ ಗದ್ದೆಗಿಳಿದ ಹೆಂಗಸರ ಸಾಲಿನಲ್ಲಿ ಸಿದರಾಯನೂ ಬಗ್ಗಿದ. ಯಾರ ಸೊಂಟವನ್ನೂ ಮೇಲೇಳಲು ಆ ಹಾಡು ಬಿಡಲಿಲ್ಲ. ಹೊತ್ತು ಮುಳುಗುವಾಗ ಕೊನೆಯ ಸಸಿ ಊರಿದ ಮೇಲೆ ಅವಳು ಮಂಗಳ ಹಾಡಿದಳು.

ಎಲ್ಲರಿಗಿಂತ ಮೊದಲು ಕೈಮುಗಿದವನು ಸಿದರಾಯ.