ತೊಳೆದ ಕೊಟ್ಟಿಗೆ

ಪಟಾಲಮ್ಮನ ಕೊಟ್ಟಿಗೆಗೆ ಕಾಲಿಡುತ್ತಲೇ ಸ್ಮಿತಾ ಮೂಗರಳಿಸಿ ನಿಂತಳು. ಸಗಣಿಯ ವಾಸನೆಯೇ ಇರಲಿಲ್ಲ. ಅದರ ಜಾಗದಲ್ಲಿ ಸರ್ಕಾರಿ ಆಸ್ಪತ್ರೆಯ ವರಾಂಡದ ವಾಸನೆ.

ಗದಗಿನ ಕಡೆಯ ಈ ಹುಡುಗಿ ಯಲಹಂಕದ ಕಾಲೇಜೊಂದರಲ್ಲಿ ಸಂಶೋಧನೆಗೆ ಸೇರಿ ಮೂರು ವರ್ಷವಾಗಿತ್ತು. ಊರಿಗೆ ಬೇಕಾದ ಕರೆಂಟನ್ನು ಊರಲ್ಲೇ ಹುಟ್ಟಿಸಿ ಮನೆಮನೆಗೆ ಹಂಚುವುದು ಅವಳ ವಿಷಯ. ಹುಣಸಮಾರನಹಳ್ಳಿಯಲ್ಲಿ ಪಟಾಲಮ್ಮನ ಮೂರು ಹಸುಗಳ ಸಗಣಿ ಹಿತ್ತಲಿನ ಗುಂಡಿಗೆ ಇಳಿದು, ಅಲ್ಲಿ ಹುಟ್ಟಿದ ಗ್ಯಾಸಿನಿಂದ ಒಂದು ಪುಟ್ಟ ಎಂಜಿನ್ ಓಡುತ್ತಿತ್ತು. ಹಗಲು ತಾರಸಿಯ ಸೋಲಾರ್, ಸಂಜೆ ಈ ಎಂಜಿನ್. ಹೀಗೆ ಐದು ಮನೆಗಳ ದೀಪ, ಫ್ಯಾನು ನಡೆಯುತ್ತಿದ್ದವು.

ಸುತ್ತಲ ಹೊಲಗಳೆಲ್ಲ ಲೇಔಟಾಗಿ ಹೋಗಿದ್ದವು. ಕೊಟ್ಟಿಗೆ ಕೆಡವಿ ಅಲ್ಲಿ ಪಿಜಿ ಕಟ್ಟಬೇಕೆಂದು ಮಗ ಅಶ್ವತ್ಥ್ ಕುಣಿಯುತ್ತಿದ್ದ. ಕಾಲೇಜಿನವರ ಎಂಜಿನ್ ಇರುವತನಕ ಮುಟ್ಟುವುದಿಲ್ಲ ಎಂದು ಮಾತ್ರ ತಾಯಿಗೆ ಮಾತು ಕೊಟ್ಟಿದ್ದ. ಇವತ್ತು ಯೋಜನೆಗೆ ಹಣ ಕೊಡುವ ಡೆಲ್ಲಿಯ ಸಮಿತಿಯವರ ಮುಂದೆ ಎಂಜಿನ್ ಓಡಿದರೆ ಇನ್ನೆರಡು ವರ್ಷ ಇಲ್ಲೇ ಇರುತ್ತದೆ. ಓಡದಿದ್ದರೆ ಕಿತ್ತುಕೊಂಡು ಹೋಗುವುದೇ.

"ಏನ್ ಹಾಕಿ ತೊಳದ್ರಿ, ಅಮ್ಮಾ?"

"ಫಿನಾಯಿಲ್ ಕಣವ್ವ. ನೀನೇ ಯೋಳಿದ್ಯಲ್ಲ, ಡೆಲ್ಲಿಯಿಂದ ದೊಡ್ಡೋರು ಬತ್ತಾರೆ, ವಾಸ್ನೆ ಬರಬಾರ್ದು ಅಂತ. ಐದ್ ದಿನದಿಂದ ಎರಡೊತ್ತೂ ತೊಳೀತಾ ಇವ್ನಿ. ನನ್ ಸೊಸೆ ಬಚ್ಚಲಿಗೂ ಇಷ್ಟು ಉಯ್ದಿಲ್ಲ."

ಸೋಪಿನ ನೀರು ಬಿಡಬಾರದು, ಹಳಸಿದ ಸಾರು ಸುರಿಯಬಾರದು, ನಿಂಬೆ ಸಿಪ್ಪೆ ಹಾಕಬಾರದು ಎಂದೆಲ್ಲ ಸ್ಮಿತಾ ಹೇಳಿಕೊಟ್ಟಿದ್ದಳು. ಫಿನಾಯಿಲಿನ ಮಾತು ಬಂದಿರಲಿಲ್ಲ. ದನದ ಕೊಟ್ಟಿಗೆಗೆ ಯಾರು ಫಿನಾಯಿಲ್ ಹಾಕುತ್ತಾರೆ? ಗಂಜಲದ ಕಾಲುವೆ ನೇರ ಗುಂಡಿಗೇ ಇಳಿಯುತ್ತಿತ್ತು. ಗ್ಯಾಸು ಹುಟ್ಟಿಸುವ ಕಣ್ಣಿಗೆ ಕಾಣದ ಹುಳಗಳು ಒಳಗೆ ಸತ್ತಿದ್ದವು.

ಸಮಿತಿಯವರು ಬಂದರು. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಮೂರನೆಯ ಸಲ ಕೆಮ್ಮಲೂ ಇಲ್ಲ. ಅವರನ್ನು ಕಾರಿನವರೆಗೆ ಹಿಂಬಾಲಿಸಿ ಹೋಗಿ ಸ್ಮಿತಾ ಇದ್ದದ್ದನ್ನೆಲ್ಲ ಹೇಳಿದಳು. ಬೇರೆ ಗ್ಯಾಸ್ ಗುಂಡಿಯ ಸಗಣಿ ಬಗ್ಗಡ ತಂದು ಸುರಿದರೆ ಒಂದು ತಿಂಗಳಲ್ಲಿ ಮತ್ತೆ ಜೀವ ಬರುತ್ತದೆ ಎಂದು ಬೇಡಿಕೊಂಡಳು. ಸಮಿತಿಯ ಹಿರಿಯರು ಗದರಲಿಲ್ಲ.

"ತೊಳೆದರೆ ಸಾಯೋದನ್ನ ಹಳ್ಳಿಗೆ ಹೇಗಮ್ಮಾ ಕೊಡ್ತೀರಿ?" ಎಂದಷ್ಟೇ ಕೇಳಿ ಕಾರು ಹತ್ತಿದರು.

ಮೂರನೆಯ ವಾರ ಪೈಪು ಬಿಚ್ಚಲು ಅವಳು ಬಂದಾಗ ಗೂಟಗಳು ಬರಿದಾಗಿದ್ದವು. ಹಿಂದಿನ ದಿನವೇ ಅಶ್ವತ್ಥ್ ಹಸುಗಳನ್ನು ಗಾಡಿಗೆ ಹತ್ತಿಸಿ ಕಳಿಸಿದ್ದನಂತೆ. ಪಟಾಲಮ್ಮ ಗೋದಲಿಯ ಅಂಚಿನಲ್ಲಿ ಕೂತು ಪೈಪು ಬಿಚ್ಚುತ್ತಿದ್ದ ಸ್ಮಿತಾಳ ಕೈಯನ್ನೇ ನೋಡುತ್ತಿದ್ದಳು.

"ನನ್ ಕೈಯಾಗ್ ಏನಾರ ತಪ್ಪಾಯ್ತೇನವ್ವ?"

ಸ್ಪ್ಯಾನರ್ ನಿಂತಿತು. ಕಾಲೇಜಿಗೆ ಕೊಡಬೇಕಾದ ವರದಿಯಲ್ಲಿ ಎಂಜಿನ್ ನಿಂತುಹೋದ ಕಾರಣ ಬರೆಯುವ ಜಾಗವೊಂದು ಇನ್ನೂ ಖಾಲಿಯಿತ್ತು.

"ಇಲ್ರಿ ಅಮ್ಮಾ. ತಪ್ಪು ನಂದೈತ್ರಿ."

"ಮಿಸೀನ್ ಕೆಟ್ರೆ ನೀನೇನ್ ಮಾಡ್ತೀಯ, ಬುಡು. ಓದೋ ಮಗೀಗೆ ಇಂಗಾಗಬಾರ್ದಿತ್ತು," ಎಂದು ಮುದುಕಿ ಎದ್ದು, ಒಳಗಿನಿಂದ ಕಾಪಿಯ ಲೋಟ ತಂದಿಟ್ಟಳು. ಇನ್ನೊಂದು ಕೈಯಲ್ಲಿ ಅರ್ಧ ಮಿಕ್ಕ ಫಿನಾಯಿಲ್ ಬಾಟಲಿ ಇತ್ತು.

"ನಿನ್ ಹಾಸ್ಟೆಲ್‌ಗಾಯ್ತದೆ, ಮಡಿಕ್ಕೋ. ನಾನಿನ್ನ್ ಏನ್ ತೊಳೀಲಿ?"

ಸ್ಮಿತಾ ಕಾಪಿ ಕುಡಿದಳು. ಬಾಟಲಿಯ ಮುಚ್ಚಳ ಬಿಗಿ ಮಾಡಿ, ಬಿಚ್ಚಿದ ಪೈಪುಗಳ ಜೊತೆ ಚೀಲಕ್ಕೆ ಹಾಕಿಕೊಂಡಳು.